ಗೋಡೆಯಾಚೆಯ ನಗು

ಅಕ್ಕನ ಮನೆಗೂ ತಂಗಿಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದೂ ಎಂಥ ಗೋಡೆ! ಆಚೆ ಯಾರಾದರೂ ಕೆಮ್ಮಿದರೆ ಈಚೆಯವರು ನೀರು ಕುಡಿಯಬೇಕು, ಅಷ್ಟು ತೆಳು. ಆ ಸಾಲುಮನೆಗಳನ್ನು ಕಟ್ಟಿಸಿದ ಪುಣ್ಯಾತ್ಮ ಇಟ್ಟಿಗೆಯ ವಿಷಯದಲ್ಲಿ ಕೈ ಬಿಗಿ ಹಿಡಿದಿದ್ದ. ಮದುವೆಯಾದ ಮೇಲೂ ಅಕ್ಕಪಕ್ಕದಲ್ಲೇ ಇರಬೇಕೆಂದು ಇಬ್ಬರೂ ಹಟ ಮಾಡಿ ಹಿಡಿದ ಮನೆಗಳು ಅವು. ಆದರೆ ಅಕ್ಕನ ಗಂಡ ತೀರಿಕೊಂಡ ದಿನದಿಂದ ಇಬ್ಬರ ನಡುವೆ ಮಾತಿಲ್ಲ.

ಆ ದಿನ ನಡೆದದ್ದು ಇಷ್ಟು. ದೇಹ ಇನ್ನೂ ನಡುಮನೆಯಲ್ಲಿತ್ತು. ಅಕ್ಕ ತಲೆಯ ಬಳಿ ಕುಳಿತಿದ್ದಳು. ತಂಗಿ ಅವಳ ಹೆಗಲು ಹಿಡಿದುಕೊಂಡಿದ್ದಳು. ಬಂದವರೆಲ್ಲ ದನಿ ತಗ್ಗಿಸಿ ಮಾತನಾಡುತ್ತಿರುವಾಗ ಗೋಡೆಯಾಚೆಯಿಂದ ಟಿವಿಯ ಚಪ್ಪಾಳೆ ಕೇಳಿಸಿತು, ಅದರ ಬೆನ್ನಿಗೇ ತಂಗಿಯ ಗಂಡನ ನಗು. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಮನುಷ್ಯ ಅವನು. ಮಾತು ಹೋಗಿತ್ತು, ನಗು ಒಂದು ಉಳಿದಿತ್ತು. ಪಕ್ಕದ ಮನೆಯಲ್ಲಿ ಸಾವಾಗಿದೆ ಎಂಬುದೂ ಅವನಿಗೆ ತಿಳಿದಿರಲಿಲ್ಲ. ತಂಗಿ ಓಡಿಬರುವ ಗಾಬರಿಯಲ್ಲಿ ಟಿವಿ ಆರಿಸುವುದನ್ನು ಮರೆತಿದ್ದಳು. ಅಕ್ಕನಿಗೆ ಇದೆಲ್ಲ ಅರ್ಥವಾಗದ್ದಲ್ಲ. ಆದರೆ ದುಃಖ ಅವಳ ಬಾಯನ್ನು ತನ್ನ ವಶಕ್ಕೆ ತೆಗೆದುಕೊಂಡಿತ್ತು.

"ನಗೋಕೆ ನಿಮಗೆ ಬೇರೆ ದಿನ ಸಿಗಲಿಲ್ವೇನೇ?" ಎಂದು ಎಲ್ಲರೆದುರು ಕೇಳಿಬಿಟ್ಟಳು.

ತಂಗಿ ಹೆಗಲಿನ ಮೇಲಿದ್ದ ಕೈ ತೆಗೆದು ಎದ್ದು ಹೋದಳು. ಟಿವಿ ನಿಂತಿತು. ಅವಳು ಮತ್ತೆ ಆ ಹೊಸಲು ತುಳಿಯಲಿಲ್ಲ.

ಅಂದಿನಿಂದ ಅಕ್ಕ ದಿನವೂ ಸಂಜೆ ಕೈಮುಗಿದು ದೇವರನ್ನು ಕೇಳಿಕೊಳ್ಳುತ್ತಿದ್ದಳು: "ಅವಳಿಗೆ ಒಳ್ಳೆ ಬುದ್ಧಿ ಕೊಟ್ಟು ನನ್ನ ಬಾಗಿಲಿಗೆ ಕಳಿಸಪ್ಪಾ." ದೇವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಓಣಿಯಲ್ಲಿ ಎದುರಾದಾಗ ತಂಗಿ ನೆಲ ನೋಡುತ್ತಿದ್ದಳು, ಅಕ್ಕ ಆಕಾಶ ನೋಡುತ್ತಿದ್ದಳು.

ಹೀಗಿರುವಾಗ ಊರಿನ ಟಿವಿಯ ವ್ಯವಸ್ಥೆಯೇ ಬದಲಾಗುತ್ತದೆಂಬ ಸುದ್ದಿ ಬಂತು. ಹಳೆಯ ಬಗೆಯ ಪ್ರಸಾರ ನಿಲ್ಲುತ್ತದಂತೆ, ಇನ್ನು ಎಲ್ಲ ಡಿಜಿಟಲ್ ಅಂತೆ, ಹಳೆಯ ಟಿವಿ ಇದ್ದವರು ಒಂದು ಪೆಟ್ಟಿಗೆ ತಂದು ಜೋಡಿಸಬೇಕಂತೆ. ಅಕ್ಕನ ಜೊತೆಗಿದ್ದ ಸೊಸೆ ಹೇಳಿಸಿಕೊಂಡು ಮಾಡುವವಳಲ್ಲ. ಮೊದಲ ವಾರವೇ ಪೆಟ್ಟಿಗೆ ತಂದು ಜೋಡಿಸಿದಳು. ಚಿತ್ರ ಕನ್ನಡಿಯಂತೆ ಕಂಡಿತು.

"ಸುದ್ದಿ ಓದೋಳ ಮುಖದಲ್ಲಿ ಇಷ್ಟೊಂದು ಸುಕ್ಕು ಇತ್ತಾ! ಮೊದಲೇ ಚೆನ್ನಾಗಿತ್ತು, ಪಾಪ," ಎಂದಳು ಅಕ್ಕ.

ಆ ಸಂಜೆ ನಗೆಯ ಕಾರ್ಯಕ್ರಮ ಬಂತು. ಎರಡು ಮನೆಯವರೂ ಹಿಂದಿನಿಂದ ನೋಡಿಕೊಂಡು ಬಂದದ್ದು ಅದು. ಅಕ್ಕನ ಟಿವಿಯಲ್ಲಿ ದಪ್ಪ ಮೀಸೆಯವನು ಕುರ್ಚಿಯ ಮೇಲೆ ಕೂರಲು ಇನ್ನೂ ಬಗ್ಗುತ್ತಿದ್ದ. ಅಷ್ಟರಲ್ಲೇ ಗೋಡೆಯಾಚೆ ತಂಗಿಯ ಗಂಡ "ಹ್ಹೆಹ್ಹೆ" ಎಂದ. ಆಮೇಲೆ ಕುರ್ಚಿ ಮುರಿಯಿತು. ಅಕ್ಕ ಬೆಚ್ಚಿದಳು. ಮತ್ತೊಮ್ಮೆಯೂ ಹಾಗೇ ಆಯಿತು. ನಗು ಮೊದಲು, ನಗೆಯ ಕಾರಣ ಆಮೇಲೆ.

"ಅಲ್ವೇ, ಅವನಿಗೆ ಮೊದಲೇ ಹೇಗೆ ಗೊತ್ತಾಗತ್ತೆ?"

ಸೊಸೆ ನಕ್ಕಳು. "ಅವರದ್ದು ಇನ್ನೂ ಹಳೇದು ಅತ್ತೆ, ಬಂದ ಹಾಗೇ ಕಾಣತ್ತೆ. ನಮ್ಮದು ಗಂಟು ಕಟ್ಟಿ ಬರತ್ತೆ. ಪೆಟ್ಟಿಗೆ ಅದನ್ನ ಬಿಚ್ಚಿ ತೋರಿಸೋಕೆ ಒಂದು ಗಳಿಗೆ ಬೇಕು."

"ಕಾಸು ಕೊಟ್ಟು ತಡವಾಗಿ ನೋಡೋದಾ? ಚೆನ್ನಾಯ್ತು ಬಿಡು," ಎಂದು ಅಕ್ಕ ಮೂಗು ಮುರಿದಳು.

ಮೂಗು ಮುರಿದರೂ ಮರುದಿನದಿಂದ ಅವಳು ತನ್ನ ಕುರ್ಚಿಯನ್ನು ಗೋಡೆಯ ಕಡೆಗೆ ಸರಿಸಿಕೊಂಡಳು. ತಂಗಿಯ ಟಿವಿಯ ಮಾತು ಕೇಳುತ್ತಿರಲಿಲ್ಲ. ತಂಗಿ ಅದನ್ನು ಈಗ ತಗ್ಗಿಸಿಯೇ ಇಡುತ್ತಿದ್ದಳು. ಕೇಳುತ್ತಿದ್ದದ್ದು ನಗು ಮಾತ್ರ: ಅವನ "ಹ್ಹೆಹ್ಹೆ", ಅದರ ಜೊತೆಗೆ ಕೆಲವೊಮ್ಮೆ ತಂಗಿಯ ಕಿಲಕಿಲ. ಚಿಕ್ಕವರಿದ್ದಾಗಲೂ ಹೀಗೇ. ಮನೆಗೆ ಯಾರೇ ಬರಲಿ, ಕಿಟಕಿಗೆ ಮೊದಲು ಓಡುತ್ತಿದ್ದವಳು ತಂಗಿ. "ಅಕ್ಕಾ, ಯಾರು ಬಂದ್ರು ಹೇಳು ನೋಡೋಣ" ಎಂದು ಸುದ್ದಿ ತರುತ್ತಿದ್ದಳು. ಈಗಲೂ ನಗು ಬರುವುದನ್ನು ಅವಳೇ ಮೊದಲು ತಿಳಿಸುತ್ತಿದ್ದಾಳೆ, ತಿಳಿಸುತ್ತಿದ್ದೇನೆಂದು ಅರಿಯದೆ. ಗಂಡ ಹೋದಮೇಲೆ ಅಕ್ಕ ನಕ್ಕಿರಲಿಲ್ಲ. ಆದರೂ ಆಚೆಯ ನಗು ಕೇಳಿ ಈಚೆಯ ಚಿತ್ರಕ್ಕಾಗಿ ಕಾಯುವ ಆ ಗಳಿಗೆ ಅವಳಿಗೆ ದಿನದ ದೊಡ್ಡ ಸಮಾಧಾನವಾಯಿತು.

ಹಳೆಯ ಪ್ರಸಾರ ನಿಲ್ಲುವ ದಿನ ಬಂತು. ಅಕ್ಕನಿಗೆ ಅದರ ನೆನಪೇ ಇರಲಿಲ್ಲ. ಅವಳ ಟಿವಿಯಲ್ಲಿ ಏನೂ ಬದಲಾಗಲಿಲ್ಲ. ಮಧ್ಯಾಹ್ನ ಗೋಡೆಯಾಚೆಯಿಂದ ಏನೋ ಹುರಿಯುವಂಥ ಸರಸರ ಸದ್ದು ಬಂದು, ಸ್ವಲ್ಪ ಹೊತ್ತಿಗೆ ನಿಂತಿತು.

ಸಂಜೆ ಮೀಸೆಯವನು ಬಂದ. ಏಣಿ ಹತ್ತಿದ. ಅಕ್ಕ ಕಿವಿ ನಿಮಿರಿಸಿ ಕುಳಿತಳು. ಗೋಡೆ ಸುಮ್ಮನಿತ್ತು. ಮೀಸೆಯವನು ಬಿದ್ದ, ಟಿವಿಯೊಳಗಿನ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೆ ಸುಮ್ಮನೇ ಇತ್ತು. ಆಮೇಲೆ ತಂಗಿಯ ಗಂಡ ನರಳುವುದು ಕೇಳಿಸಿತು, ಹಸಿದ ಕೂಸು ರಚ್ಚೆ ಹಿಡಿದಂತೆ. ನಡುವೆ ತಂಗಿಯ ದನಿ: "ಬರತ್ತೆ ಅಂದ್ರೆ, ಸ್ವಲ್ಪ ತಡ್ಕೊಳ್ಳಿ. ನಾನೇನು ಮಾಡ್ಲಿ?"

ಹಳೆಯ ಪ್ರಸಾರ ನಿಲ್ಲುವ ದಿನ ಇಂದೇ ಎಂಬುದು ಅಕ್ಕನಿಗೆ ಆಗ ನೆನಪಾಯಿತು. ಅವನಿಗೆ ಉಳಿದಿದ್ದದ್ದು ಒಂದು ನಗು. ಅದನ್ನು ಅಂದು ಎಲ್ಲರೆದುರು ಹಳಿದವಳು ತಾನು. ಇಂದು ಅದು ನಿಂತೇಹೋಗಿದೆ. ಎಂದಿನಂತೆ ಕೈಮುಗಿದಳು. "ಅವಳನ್ನ ನನ್ನ ಬಾಗಿಲಿಗೆ..." ಎಂದು ಶುರು ಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು. ಹಾಸಿಗೆ ಹಿಡಿದ ಗಂಡನನ್ನು ಬಿಟ್ಟು ಅವಳು ಹೇಗೆ ಬಂದಾಳು? ನಡೆಯುವ ಕಾಲನ್ನು ದೇವರು ತನಗೂ ಕೊಟ್ಟಿದ್ದಾನಲ್ಲ!

ಎದ್ದವಳೇ ಪೆಟ್ಟಿಗೆಯ ವೈರುಗಳನ್ನೆಲ್ಲ ಸೊಪ್ಪು ಕಿತ್ತ ಹಾಗೆ ಕಿತ್ತಳು. ಮೀಸೆಯವನು ಮಾಯವಾದ. ಅಡುಗೆಮನೆಯಿಂದ ಸೊಸೆ ಕೂಗಿದಳು: "ಅತ್ತೆ, ಏನ್ ಮಾಡ್ತಿದೀರಾ?"

"ನೀನು ಕೈ ಒರೆಸ್ಕೊಂಡು ಬಾ ನನ್ನ ಹಿಂದೆ."

ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಬಾಲದಂತೆ ನೆಲಕ್ಕೆ ಇಳಿಬಿದ್ದ ವೈರುಗಳ ಸಮೇತ ತಂಗಿಯ ಬಾಗಿಲು ಬಡಿದಳು. ಬಾಗಿಲು ತೆರೆಯಿತು. ತಂಗಿ ಅಕ್ಕನ ಮುಖ ನೋಡಿದಳು, ಸೆರಗು ನೋಡಿದಳು.

"ಏನದು?"

"ನಿನ್ನ ಗಂಡನ ನಗು. ಜರುಗು, ಒಳಗೆ ಬಿಡು."

ತಂಗಿ ಜರುಗಲಿಲ್ಲ. ಕಪಾಟಿನ ಮೇಲಕ್ಕೆ ಕೈ ತೋರಿಸಿದಳು. ಅಲ್ಲಿ ಅಂಥದ್ದೇ ಪೆಟ್ಟಿಗೆ, ರಟ್ಟಿನ ಡಬ್ಬವನ್ನೂ ಬಿಚ್ಚದೆ ಕುಳಿತಿತ್ತು.

"ತಂದು ತಿಂಗಳಾಯ್ತು," ಎಂದಳು.

"ಮತ್ತೆ ಜೋಡಿಸೋಕೇನು ದಾಡಿ?"

"ಜೋಡಿಸೋಕೆ ಬರೋದು ಈ ಸಾಲಿನಲ್ಲಿ ನಿನ್ನ ಸೊಸೆಗೆ. ಅವಳನ್ನ ಕರೆಯೋಕೆ ನಿನ್ನ ಬಾಗಿಲಿಗೆ ಬರಬೇಕಿತ್ತು."

"ಬರಬೇಕಿತ್ತು."

"ನೀನು ಬರಬೇಡ ಅಂದ ಹಾಗಿತ್ತಲ್ಲ ಅಕ್ಕಾ."

"ಅವನು ಅವತ್ತು ನಕ್ಕಿದ್ದರಲ್ಲಿ ತಪ್ಪಿರಲಿಲ್ಲ ಕಣೇ," ಎಂದಳು ಅಕ್ಕ. "ಯಾರಾದರೂ ಒಬ್ಬರ ಮೇಲೆ ಬೀಳಬೇಕಿತ್ತು ನನ್ನ ಸಂಕಟ. ಹತ್ತಿರ ಇದ್ದೋಳು ನೀನು."

ತಂಗಿ ಅಕ್ಕನ ಕೈಯಿಂದ ಪೆಟ್ಟಿಗೆ ಇಸಿದುಕೊಂಡು, "ಭಾರ ಇದೆ, ಕೊಡು ಇತ್ತ," ಎಂದಳು. ಭಾರವೇನೂ ಇರಲಿಲ್ಲ.

ಸೊಸೆ ಒಳಗೆ ಬಂದು ಇಬ್ಬರನ್ನೂ, ಎರಡು ಪೆಟ್ಟಿಗೆಗಳನ್ನೂ ನೋಡಿ ಹಣೆ ಚಚ್ಚಿಕೊಂಡಳು. "ಚಿಕ್ಕತ್ತೆ, ಒಂದು ಸಲ ಗೋಡೆ ತಟ್ಟಿದ್ರೆ ಆಗ್ತಿತ್ತು!" ಎನ್ನುತ್ತ ಡಬ್ಬ ಬಿಚ್ಚಿದಳು. ಹಾಸಿಗೆಯಲ್ಲಿದ್ದವನು ಅಳು ನಿಲ್ಲಿಸಿ ಅಕ್ಕನನ್ನೇ ನೋಡುತ್ತಿದ್ದ. ಅಕ್ಕ ಅವನ ಪಕ್ಕದಲ್ಲಿ ಕುಳಿತು ಅವನ ಸ್ವಾಧೀನವಿದ್ದ ಕೈ ಹಿಡಿದುಕೊಂಡಳು.

ಚಿತ್ರ ಬಂತು. ಕಾರ್ಯಕ್ರಮ ಮುಗಿಯುವ ಹೊತ್ತು. ಮೀಸೆಯವನು ಮತ್ತೆ ಏಣಿಯ ಬುಡಕ್ಕೆ ಬಂದು ಮೇಲೆ ನೋಡುತ್ತಿದ್ದ.

"ಇನ್ನು ನಮ್ಮದೂ ನಿಮ್ಮದೂ ಒಂದೇ ಸಲ ಕಾಣತ್ತೆ, ಅಲ್ವೇನೇ?" ಎಂದು ತಂಗಿ ಸೊಸೆಯನ್ನು ಕೇಳಿದಳು.

"ಹೂಂ. ಬನ್ನಿ ಅತ್ತೆ, ನಮ್ಮದನ್ನೂ ಜೋಡಿಸಿಬಿಡ್ತೀನಿ."

"ಅದಕ್ಕೇನು ಅವಸರ, ನಾಳೆ ಜೋಡಿಸಿದರಾಯ್ತು," ಎಂದಳು ಅಕ್ಕ, ಜಾಗ ಬಿಟ್ಟು ಕದಲದೆ.

ಮೀಸೆಯವನು ಏಣಿಗೆ ಕಾಲಿಟ್ಟ. ಅವನು ಬೀಳುವ ಮೊದಲೇ ಅವಳ ಕೈಯೊಳಗಿದ್ದ ತಂಗಿಯ ಗಂಡನ ಕೈ ಅಲುಗತೊಡಗಿತು. ನಗು ಅವನ ಬಾಯಿಗೆ ಬರುವ ಮುಂಚೆ ಬೆರಳುಗಳಿಗೆ ಬರುತ್ತಿತ್ತು. ಅದು ಗೋಡೆಯಾಚೆಯಿಂದ ತಿಳಿಯುವಂಥದ್ದಲ್ಲ. ಅಕ್ಕ ನಕ್ಕಳು.