ಅನ್ನವ್ವನ ಹೀರೇಬೀಜ

ದುಂಡಸಿಯ ಮಹಾಲಿಂಗಪ್ಪನವರ ಮನೆಯಲ್ಲಿ ಸಂಜೆಗೆ ಏನು ಅಡಿಗೆ ಎಂಬುದನ್ನು ಹಿತ್ತಲೇ ಹೇಳಬೇಕು. ಹೊತ್ತು ಇಳಿಯುತ್ತಲೇ ಅವರ ಹೆಂಡತಿ ಅನ್ನವ್ವ ಬುಟ್ಟಿ ಹಿಡಿದು ಹೊರಬೀಳುವಳು. ಬದನೆಗಿಡದ ಬುಡಕ್ಕೆ ಬಗ್ಗಿ ನೋಡಿ, ಮೆಂತ್ಯೆಯ ಮಡಿ ಸವರಿ, ಮೆಣಸಿನಗಿಡಕ್ಕೆ ಮಾತ್ರ ನಿಂತು ಬೈಯುವಳು: "ಬರೇ ಎಲಿ ತೋರಸ್ತಿ, ನಾಚಿಕಿ ಇಲ್ಲ ನಿನಗ!" ಬುಟ್ಟಿಗೆ ಬಿದ್ದದ್ದು ಆ ಹೊತ್ತಿನ ಊಟ. ಗಿಡದಿಂದ ಒಲೆಗೆ ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ಬದನೆಕಾಯಿಯ ಮೈಮೇಲಿನ ನೀರು ಕೂಡ ಆರುತ್ತಿರಲಿಲ್ಲ.

ಇದೆಲ್ಲದರ ಮೇಲೆ ಅವಳ ಹೀರೇಕಾಯಿ. ಮೂವತ್ತು ವರ್ಷದ ಹಿಂದೆ ಅವಳು ರಟ್ಟೀಹಳ್ಳಿಯಿಂದ ಮದುವೆಯಾಗಿ ಬರುವಾಗ ಅವಳ ಅವ್ವ ಉಡಿಯಲ್ಲಿ ಕೊಬ್ಬರಿ ಬಟ್ಟಲಿನ ಜೊತೆ ಒಂದು ಮುಷ್ಟಿ ಬೀಜ ಹಾಕಿದ್ದಳು. ಅವ್ವ ಹೋಗಿ ಬಹಳ ದಿನವಾಯಿತು, ಬಳ್ಳಿ ಮಾತ್ರ ವರ್ಷವರ್ಷವೂ ಹಿತ್ತಲ ಗೋಡೆ ಹತ್ತುತ್ತಿತ್ತು. ಒಂದು ಕಾಯಿಯಾದರೂ ಕಹಿ ಬಿದ್ದದ್ದಿಲ್ಲ. ಶ್ರಾವಣದಲ್ಲಿ ಓಣಿಯ ಮನೆಮನೆಗೂ ಒಂದು ಬಟ್ಟಲು ಪಲ್ಯ ಹೋಗುತ್ತಿತ್ತು. ಬೀಜ ಕೇಳಿದರೆ ಮಾತ್ರ ಅನ್ನವ್ವನ ಕಿವಿ ಮಂದವಾಗುತ್ತಿತ್ತು. "ಪಲ್ಯಾ ಬೇಕಂದ್ರ ಗಡಗಿಗಟ್ಲೆ ಒಯ್ರಿ, ಬೀಜಾ ಕೇಳಬ್ಯಾಡ್ರಿ" ಎನ್ನುವಳು. ಮೈ ತಿಕ್ಕಲಿಕ್ಕೆಂದು ಯಾರಿಗಾದರೂ ಒಣಗಿದ ಹೀರೇಕಾಯಿಯ ನಾರು ಕೊಟ್ಟರೂ, ಅದನ್ನು ಕಲ್ಲಿಗೆ ಬಡಿದು ಬೀಜ ಉದುರಿಸಿಯೇ ಕೊಡುವಳು.

ಅಂಥ ಮನೆಗೆ ಆ ವರ್ಷ ಸರೋಜವ್ವ ಸೊಸೆಯಾಗಿ ಬಂದಳು. ಅವಳ ತವರು ಸವಣೂರು. "ನವಾಬರ ಊರಿನಾಕಿ, ರೊಟ್ಟಿ ಬಡೀತಾಳೋ ಇಲ್ಲೋ ನೋಡೂಣು" ಎಂದು ಮಾವ ಮಹಾಲಿಂಗಪ್ಪ ನಗೆಯಾಡಿದ್ದ. ಮೂರು ತಿಂಗಳು ಅತ್ತೆಯ ಬಗಲಿಗೇ ಕುಳಿತು ಉಳ್ಳಾಗಡ್ಡಿ ಹೆಚ್ಚಿದ್ದಾಯಿತು. ರೋಹಿಣಿ ಮಳೆಯ ಮೊದಲ ಹನಿ ಬಿದ್ದ ವಾರ ಅತ್ತೆ ಮಾವ ಬಂಡಿ ಕಟ್ಟಿಕೊಂಡು ಶಿಗ್ಗಾವಿ ಸಂತೆಗೆ ಹೋದರು. ಹೋಗುವಾಗ ಅನ್ನವ್ವ ಬುಟ್ಟಿಯನ್ನು ಸೊಸೆಯ ಕೈಗೆ ಕೊಟ್ಟು, "ಇವತ್ತಿನ ಸಂಜಿ ಊಟಾ ನಿಂದು" ಎಂದಳು.

ಸರೋಜವ್ವ ಎಳೆಯ ಬದನೆಕಾಯಿ ಕೊಯ್ದಳು. ಮೆಂತ್ಯೆ ಕಿತ್ತಳು. ಬೈಸಿಕೊಂಡ ಮೆಣಸಿನಗಿಡವೂ ಅಂದು ಏಳೆಂಟು ಕಾಯಿ ಕೊಟ್ಟಿತು. ಎಲ್ಲ ಸರಿಯಾಯಿತು, ಒಲೆಯೊಂದು ಹತ್ತಲೊಲ್ಲದು. ಹಿಂದಿನ ದಿನದ ಮಳೆಗೆ ಸೆಗಣಿ ಕುಳ್ಳಿನ ಬಣವೆ ತೊಯ್ದು ಬರೀ ಹೊಗೆ. ಕಣ್ಣು ಒರೆಸಿಕೊಳ್ಳುತ್ತ ಹಿತ್ತಲಿಗೆ ಬಂದವಳಿಗೆ ಸೂರಿನ ಕೆಳಗೆ ಗೋಡೆಗೆ ಅಂಟಿದ ಒಂದೇ ಒಂದು ದಪ್ಪ ಕುಳ್ಳು ಕಂಡಿತು. ಐದು ಬೆರಳಿನ ಗುರುತು ಮೂಡಿದ, ಗರಿಗರಿ ಒಣಗಿದ ಕುಳ್ಳು. ಯಾರೋ ಕೀಳಲು ಮರೆತಿರಬೇಕೆಂದು ಕಿತ್ತು ತಂದು ಒಲೆಗಿಟ್ಟಳು. ಅಬ್ಬಾ, ಏನು ಬೆಂಕಿ! ನಡುವೆ ಚಟ್‌ಚಟ್ ಎಂದು ಸಿಡಿಯಿತು. ಎಮ್ಮೆ ಜೋಳ ತಿಂದಿತ್ತೇನೋ ಅಂದುಕೊಂಡು ರೊಟ್ಟಿ ಬಡಿಯುತ್ತ ಕುಳಿತಳು.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಪಡಸಾಲೆಯಲ್ಲಿ ಊಟಕ್ಕೆ ಕೂತರು. ಗಂಗಾಳದಲ್ಲಿ ಹಬೆಯಾಡುವ ಎಣ್ಣೆಗಾಯಿ, ಮೆಂತ್ಯೆ ಸೊಪ್ಪಿನ ಜುಣಕ, ಕೆನೆ ಮೊಸರು, ಹಸಿ ಉಳ್ಳಾಗಡ್ಡಿ. ಮಹಾಲಿಂಗಪ್ಪ ರೊಟ್ಟಿ ಎತ್ತಿ ಹಿಡಿದು ಹೆಂಡತಿಗೆ ತೋರಿಸಿದ.

"ನೋಡಿಲ್ಲೆ, ಸಿಟ್ಟಿಗೆದ್ದಾಗ ನಿನ್ನ ಮಾರಿ ಉಬ್ಬತೈತೆಲ್ಲ, ಹಂಗ ಉಬ್ಬೇತಿ!"

"ಮುಚಗೊಂಡು ಉಣ್ರಿ," ಎಂದಳು ಅನ್ನವ್ವ. ಆದರೆ ಎರಡನೇ ರೊಟ್ಟಿಗೆ ಕೈ ಚಾಚಿ ಸೊಸೆಗೆ ಹೇಳಿದಳು, "ಸುಳ್ಳ ಯಾಕ ಹೇಳ್ಲಿ, ಛಲೋ ಮಾಡೀಯವ್ವಾ. ತೊಯ್ದ ಕುಳ್ಳು ಇಟಗೊಂಡು ಇಂಥಾ ಬೆಂಕಿ ಹೆಂಗ ಮಾಡಿದಿ?"

ಸರೋಜವ್ವನಿಗೆ ಹಿಗ್ಗು. "ಹಿತ್ತಲ ಗ್ವಾಡಿಗೆ ಒಂದು ಒಣಾ ಕುಳ್ಳು ಇತ್ತರಿ ಅತ್ತಿ. ಸೂರಿನ ಕೆಳಗ. ಅದನ್ನ ಕಿತ್ತ ಹಚ್ಚಿದ್ನಿರಿ."

ಅನ್ನವ್ವ ಕೈಯಲ್ಲಿನ ತುತ್ತು ಗಂಗಾಳಕ್ಕೆ ಹಾಕಿದಳು. ಎದ್ದು ಒಲೆಯ ಹತ್ತಿರ ಹೋಗಿ ಬೂದಿ ಕೆದಕಿದಳು. ಕರಕಲಾದ ನಾಲ್ಕು ಬೀಜ ಬೆರಳಿಗೆ ಬಂದವು, ಹಿಚುಕಿದರೆ ಪುಡಿ.

"ಹೀರೇಬೀಜಾ ಇದ್ವು ಅದರಾಗ," ಎಂದಳು. "ನಾಡದ ಹಾಕಬೇಕಂತ ಮಾಡಿದ್ದೆ."

ಸರೋಜವ್ವನ ತವರಿನಲ್ಲಿ ಬೀಜವನ್ನು ಬೂದಿ ತುಂಬಿದ ಗಡಿಗೆಯಲ್ಲಿ ಇಡುತ್ತಿದ್ದರು. ಸೆಗಣಿಯಲ್ಲಿ ಬೀಜ ಒತ್ತಿ ಗೋಡೆಗೆ ಬಡಿದಿಡುವುದನ್ನು ಅವಳು ಕಂಡವಳಲ್ಲ. "ನನಗ ಗೊತ್ತಿರಲಿಲ್ರಿ ಅತ್ತಿ" ಎಂದಳು. ಅನ್ನವ್ವ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಹೋಗ್ಲಿ ಬಿಡ ಬೇ ಅವ್ವಾ, ಹುಲಗೂರ ಸಂತ್ಯಾಗ ಬೀಜಾ ಸಿಗ್ತಾವ," ಎಂದ ಮಗ ದ್ಯಾಮಪ್ಪ.

"ಹುಲಗೂರಾಗ ನಮ್ಮವ್ವ ಸಿಗ್ತಾಳೇನೋ?"

ಮರುದಿನ ಬಾವಿಕಟ್ಟೆಯಲ್ಲಿ ಸರೋಜವ್ವ ಪಕ್ಕದ ಮನೆಯ ಗೌಸಬಿಯ ಮುಂದೆ ಎಲ್ಲ ಹೇಳಿಕೊಂಡು ಅತ್ತಳು. ಗೌಸಬಿ ಅನ್ನವ್ವನ ಓರಗೆಯವಳು. ಅನ್ನವ್ವ ಹೋದಾಗಲೆಲ್ಲ ಮುಂಬಾಗಿಲ ಕಟ್ಟೆಯ ಮೇಲೇ ಕೂಡಿಸಿ, ಎಲೆ ಅಡಿಕೆ ಕೊಟ್ಟು, ಅಲ್ಲಿಂದಲೇ ಕಳಿಸುವ ಹೆಂಗಸು. ಈ ಮಾತು ಕೇಳುತ್ತ ಅವಳು ಹಗ್ಗ ಜಗ್ಗುವುದನ್ನೇ ಮರೆತಳು. ಕೊಡ ಬಾವಿಯ ನಡುವೆ ತೂಗಾಡಿತು.

"ನಿಮ್ಮತ್ತಿ ಭಾಳ ಸಿಟ್ಟಾಗ್ಯಾಳೇನವ್ವಾ?"

"ಸಿಟ್ಟಿಲ್ರಿ. ಮಾತ ಇಲ್ಲ. ನನ್ನ ಕೈಯಾನ ಬುಟ್ಟಿ ತಿರಗಿ ತಗೊಂಡಾರ್ರಿ."

ಆ ಸಂಜೆ ಬುಟ್ಟಿ ಗೂಟದಲ್ಲೇ ನೇತಾಡಿತು. ಅನ್ನವ್ವ ಹಿತ್ತಲಿಗೆ ಕಾಲಿಡಲಿಲ್ಲ. ನಿನ್ನೆಯ ರೊಟ್ಟಿ ಮೊಸರಲ್ಲಿ ಮುರಿದು ತಿನ್ನುವುದೆಂದಾಯಿತು. ಅಷ್ಟರಲ್ಲಿ ಗೌಸಬಿ ಸೆರಗು ಮುಚ್ಚಿದ ಒಂದು ಬುಟ್ಟಿ ಹೊತ್ತು ಬಂದು ಅನ್ನವ್ವನ ಮುಂದೆ ಇಟ್ಟಳು. ಒಳಗೆ ಒಂಬತ್ತು ಎಳೆಯ ಹೀರೇಕಾಯಿ, ಮೇಲೊಂದು ಬಲಿತು ಒಣಗಿದ್ದು. ಅಲ್ಲಾಡಿಸಿದರೆ ಗಿಲಿಗಿಲಿ.

ಅನ್ನವ್ವ ಒಂದು ಕಾಯಿ ಎತ್ತಿ, ಕಹಿ ನೋಡುವವರಂತೆ ತುದಿ ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು. ಮತ್ತೊಂದರ ತುದಿ ಮುರಿದಳು.

"ಇದು ನಮ್ಮವ್ವನ ಕಾಯಿ!"

"ಹೌದಕ್ಕಾ," ಎಂದಳು ಗೌಸಬಿ, ನೆಲ ನೋಡುತ್ತ. "ಐದು ವರ್ಷದ ಹಿಂದ ಮೈ ತಿಕ್ಕೊಳ್ಳಾಕ ನಾರು ಕೊಟ್ಟಿದ್ದಿಯಲ್ಲ. ನೀ ಬಡದ ಕೊಟ್ಟಿದ್ದಿ ಖರೇ, ಮೂರು ಬೀಜಾ ಒಳಗ ಸಿಕ್ಕೊಂಡಿದ್ವು. ಬಚ್ಚಲ ನೀರು ಹೋಗೂ ಕಡೆ ಊರಿದ್ನಿ. ಬ್ಯಾಸಗ್ಯಾಗೂ ಬಿಡ್ತಾವ."

"ಐದು ವರ್ಷ!" ಅನ್ನವ್ವ ಎದ್ದು ನಿಂತಳು. "ಅದಕ್ಕ ಕಟ್ಟಿ ದಾಟಿ ಒಳಗ ಕರೀಲಿಲ್ಲ ನೀ! ಗೌಸಬಿಗೆ ಸೊಕ್ಕ ಬಂದೈತಂತ ನಾ ಅನಕೊಂಡಿದ್ದೆ!"

"ಹಿತ್ತಲಾ ಕಂಡಿದ್ರ ನೀ ಬಿಡ್ತಿದ್ದೇನು?"

"ಮತ್ತ ಶ್ರಾವಣದಾಗ ನಾ ಪಲ್ಯಾ ತಂದ್ರ, 'ಇಂಥಾ ಕಾಯಿ ಜಗತ್ತಿನಾಗ ಇಲ್ಲ ಅಕ್ಕಾ' ಅಂತಿದ್ದಿ!"

"ಖರೇನ ಅಂದೀನಿ. ಕಾಯಿ ಅದ ಇದ್ರೂ ನನ್ನ ಪಲ್ಯಾ ನಿನ್ನ ಪಲ್ಯಾದಂಗ ಆಗೂದಿಲ್ಲ, ಸುಡ್ಲಿ."

ಮೂಲೆಯಲ್ಲಿ ಮಹಾಲಿಂಗಪ್ಪನಿಗೆ ನಗು ತಡೆಯಲಾಗಲಿಲ್ಲ. "ಏ, ನೀ ಬೀಜಾ ಬಿಗಿ ಹಿಡದಿ, ಸೊಸಿ ಸುಟ್ಳು. ಈಕಿ ಕದ್ಳು, ಉಳೀತು. ಇನ್ನ ಕಳ್ಳೀನ ಬೈತೀಯೋ, ಕೂಡಿಸಿ ಉಣ್ಣಸ್ತೀಯೋ?"

ಅನ್ನವ್ವ ಮುಖ ಬಿಗಿದುಕೊಂಡಿರಲು ಬಹಳ ಪ್ರಯತ್ನಿಸಿದಳು. ಆಗಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು, ಸೆರಗಿನಿಂದ ಒರೆಸಿಕೊಂಡಳು. ಗೂಟದ ಬುಟ್ಟಿ ತೆಗೆದು ಸೊಸೆಯ ಕೈಗೆ ಕೊಟ್ಟಳು.

"ಕೊತ್ತಂಬರಿ ಹರಕೊಂಡ ಬಾ. ಮೆಣಸಿನಕಾಯಿನೂ. ಗೌಸಬಿ, ನೀ ಕುಂಡ್ರು, ಹೀರೇಕಾಯಿ ಸಿಪ್ಪಿ ಒಗೀಬ್ಯಾಡ, ಚಟ್ನಿ ಮಾಡೂಣು."

ಮೂರು ಹೆಂಗಸರು, ಒಂದೇ ಒಲೆ. ಒಬ್ಬಳು ಒಗ್ಗರಣೆ ಹಾಕಿದರೆ ಇನ್ನೊಬ್ಬಳು ಉಪ್ಪಿನ ವಿಷಯಕ್ಕೆ ಜಗಳ. ಸಿಪ್ಪೆಯ ಚಟ್ನಿಗೆ ಎಳ್ಳು ಹುರಿದ ವಾಸನೆ ಓಣಿಯವರೆಗೂ ಹೋಯಿತು. ಪಲ್ಯ ಬಾಯಲ್ಲಿಟ್ಟರೆ ಬೆಣ್ಣೆ. ದ್ಯಾಮಪ್ಪ ಐದು ರೊಟ್ಟಿ ತಿಂದು ಆರನೆಯದಕ್ಕೆ ನಾಚಿದ. ಮಹಾಲಿಂಗಪ್ಪ ನಾಚಲಿಲ್ಲ.

ಊಟವಾದ ಮೇಲೆ ಅನ್ನವ್ವ ಒಣ ಕಾಯಿ ಮುರಿದು ಕರೀ ಬೀಜಗಳನ್ನು ಮೊರದಲ್ಲಿ ಹರವಿದಳು. ನಾಳೆ ಊರಲಿಕ್ಕೆ ಒಂದಿಷ್ಟು. ಓಣಿಗೆ ಹಂಚಲಿಕ್ಕೆ ಒಂದಿಷ್ಟು. "ಸೆರಗ ಹಿಡಿ" ಎಂದು ಉಳಿದದ್ದನ್ನು ಸರೋಜವ್ವನ ಉಡಿಗೆ ಹಾಕಿದಳು.

"ಇವನ್ನ ನಿಮ್ಮ ಸವಣೂರಿನಂಗ ಬೂದಿ ಗಡಗ್ಯಾಗ ಇಡು. ನನ್ನ ಕುಳ್ಳಿನ ಮ್ಯಾಲ ನನಗ ನಂಬಿಗಿ ಹೋಗೇತಿ."

ಆಮೇಲೆ ಗೌಸಬಿಯ ಕಡೆ ತಿರುಗಿ, ಕೈಚಾಚಿ ಗೋಡೆಯ ಮೇಲಿನ ಕಂದೀಲು ತೆಗೆದುಕೊಂಡಳು.

"ನಡೀ ಇನ್ನ. ನಮ್ಮವ್ವನ ಬಳ್ಳಿ ನೋಡಬೇಕು. ಹಿತ್ತಲದಾಗ ನಿಂತು, ಕಟ್ಟಿ ಮ್ಯಾಲ ಕುಂತಲ್ಲ."