ಸಾಯುವವರಿಗೆ ‘ಇರಿ’ ಎನ್ನಬಾರದು

ಮೂಳೆ ತೆಗೆಯುವುದು ನನ್ನ ಕಸುಬು. ಹೂತು ಏಳು ವರ್ಷವಾದ ಮೇಲೆ ಗೋರಿ ತೆರೆದು, ಮೂಳೆಗಳನ್ನು ಒಂದೊಂದಾಗಿ ಎತ್ತಿ, ಒಣ ಕುಂಚದಿಂದ ಉಜ್ಜಿ, ಗಾಳಿಗೆ ಆರಿಸಿ, ಪಾದದಿಂದ ಶುರುಮಾಡಿ ತಲೆಬುರುಡೆಯವರೆಗೆ ಮಣ್ಣಿನ ಜಾಡಿಯಲ್ಲಿ ಕೂರಿಸುತ್ತೇನೆ. ಮನುಷ್ಯ ತಾಯಿಯ ಹೊಟ್ಟೆಯಲ್ಲಿ ಹೇಗೆ ಕೂತಿದ್ದನೋ ಹಾಗೆ. ನಮ್ಮಪ್ಪನೂ ಇದನ್ನೇ ಮಾಡಿದ. ಊರಲ್ಲಿ ಕೆಲವರು ನನ್ನ ಕೈಯಿಂದ ಚಹಾದ ಬಟ್ಟಲು ತೆಗೆದುಕೊಳ್ಳುವುದಿಲ್ಲ. ಬೇಡವಾದರೆ ಬಿಡಲಿ. ಅವರಪ್ಪಂದಿರ ಸೊಂಟದ ಮೂಳೆ ನನ್ನ ಕೈ ದಾಟಿಯೇ ಹೋಗಬೇಕು.

ಆ ಶರತ್ಕಾಲದಲ್ಲಿ ಫಾನ್ ಮನೆತನದವರು ಫಾನ್ ಮೇಷ್ಟ್ರ ಗೋರಿ ತೆರೆಯಲು ದಿನ ಗೊತ್ತು ಮಾಡಿದರು. ನಾನು ಓದಿದ್ದು ಅವರ ಶಾಲೆಯಲ್ಲೇ, ಆರನೇ ಇಯತ್ತೆವರೆಗೆ. ಅವರಿಗೆ ಒಂದು ಹುಚ್ಚಿತ್ತು. ಲೆಕ್ಕದ ಪಾಠದ ನಡುವೆ ಇದ್ದಕ್ಕಿದ್ದಂತೆ ಯಾರನ್ನಾದರೂ ಎಬ್ಬಿಸಿ, “ಮನುಷ್ಯ ಹುಟ್ಟೋದು ಯಾತಕ್ಕೆ?” ಎಂದು ಕೇಳುವರು. ನನ್ನ ಸರದಿ ಬಂದಾಗ “ತಿನ್ನೋಕೆ ಸಾರ್” ಎಂದೆ. ಎರಡು ಏಟು ಬಿತ್ತು. “ಹಾಗಾದ್ರೆ ಸರಿ ಉತ್ತರ ಏನು ಸಾರ್?” ಎಂದೆ. ಇನ್ನೂ ನಾಲ್ಕು ಬಿತ್ತು. ಮೇಷ್ಟ್ರಿಗೂ ಗೊತ್ತಿಲ್ಲ ಎಂದು ನನಗೆ ಅವತ್ತೇ ಗೊತ್ತಾಯಿತು.

ಅವರ ಒಬ್ಬಳೇ ಮಗಳು ಯುನ್‌ಮೇ ನನಗಿಂತ ಎರಡು ವರ್ಷ ಚಿಕ್ಕವಳು. ಮದುವೆಯಾಗಲಿಲ್ಲ. ಅಪ್ಪ ಕೊನೆಗಾಲದಲ್ಲಿ ಬರೆದಿಟ್ಟ ನಲವತ್ತು ನೋಟ್‌ಪುಸ್ತಕಗಳನ್ನು ಇಟ್ಟುಕೊಂಡು ಅದೇ ಪ್ರಶ್ನೆಯ ಹಿಂದೆ ಅಲೆದಳು. ಬೆಟ್ಟದ ಮೇಲಿನ ಮಠಗಳಿಗೆ ಹೋದಳು, ಪಟ್ಟಣದ ಪಾದ್ರಿಯ ಹತ್ತಿರ ಹೋದಳು, ತೈಪೆಯಲ್ಲಿ ಯಾವನೋ ಪ್ರೊಫೆಸರನ ಬಾಗಿಲಲ್ಲಿ ಮೂರು ದಿನ ಕೂತು ಬಂದಳು. ಊರ ಹೆಂಗಸರು ಮಾತ್ರ ಅವಳನ್ನು ಕಂಡು ಹೊಟ್ಟೆಕಿಚ್ಚು ಪಡುವರು. “ನೋಡೇ, ಅಪ್ಪ ಸತ್ತು ಏಳು ವರ್ಷ ಆಯ್ತು, ಅವ್ಳಿಗೆ ಒಂದು ದಿನಾನೂ ವಯಸ್ಸಾಗಿಲ್ಲ.”

ಬೆಳಗ್ಗೆ ಎಂಟಕ್ಕೆ ಮಣ್ಣು ತೆಗೆದು ಮುಗಿಯಿತು. ನನ್ನ ಹೆಂಡತಿ ಚಿನ್‌ಲಾನ್ ಕಪ್ಪು ಕೊಡೆ ಹಿಡಿದು ಗುಂಡಿಯ ಮೇಲೆ ನಿಂತಳು. ಸತ್ತವರ ಮುಖದ ಮೇಲೆ ಬಿಸಿಲು ಬೀಳಬಾರದು. ಯುನ್‌ಮೇ ಪದ್ಧತಿಯಂತೆ ಬೆನ್ನು ತಿರುಗಿಸಿ ನಿಂತಿದ್ದಳು. ನಾನು ಪೆಟ್ಟಿಗೆಯ ಮುಚ್ಚಳವನ್ನು ಮೂರು ಸಲ ತಟ್ಟಿದೆ.

“ಅಪ್ಪನ್ನ ಕರಿಯಮ್ಮ ಯುನ್‌ಮೇ,” ಎಂದೆ.

“ಅಪ್ಪ, ಬೆಳಕಾಯ್ತು. ಮನೆ ಬದಲಾಯಿಸ್ತಿದ್ದೀವಿ, ಎದ್ದೇಳಿ,” ಎಂದಳು.

ಮುಚ್ಚಳ ಎತ್ತಿದೆ. ಮೂವತ್ತು ವರ್ಷದ ಕಸುಬಿನಲ್ಲಿ ಕೊಳೆಯದ ಹೆಣ ನಾಲ್ಕು ನೋಡಿದ್ದೇನೆ, ನೀರು ನಿಂತ ಮಣ್ಣಿನಲ್ಲಿ. ಇಲ್ಲಿ ಮಣ್ಣು ಒಣಗಿ ಪುಡಿಯಾಗಿತ್ತು. ಆದರೂ ಮೇಷ್ಟ್ರು ಇದ್ದ ಹಾಗೇ ಇದ್ದರು. ಚರ್ಮ ಮೇಣದಂತೆ ಹಳದಿಯಾಗಿತ್ತು. ಕೂದಲು ಭುಜ ದಾಟಿತ್ತು. ಉಗುರು ಬೆಳೆದು ಸುರುಳಿ ಸುತ್ತಿ ಅಂಗೈಯನ್ನು ಮುಟ್ಟುತ್ತಿತ್ತು. ನಾವು ಅಂಗಾತ ಮಲಗಿಸಿದ್ದವರು ಈಗ ಮಗ್ಗುಲಾಗಿದ್ದರು, ಒಂದು ಕಿವಿಯನ್ನು ಮುಚ್ಚಳದ ಕಡೆ ಎತ್ತಿಕೊಂಡು. ಬಾಗಿಲಾಚೆ ಯಾರೋ ಬರುವ ಸದ್ದು ಕೇಳುವವರ ಹಾಗೆ.

ಚಿನ್‌ಲಾನ್ ಮೆಲ್ಲಗೆ, “ಮುಚ್ಚಿಬಿಡಿ,” ಎಂದಳು.

“ಏನಾಯ್ತಣ್ಣ?” ಯುನ್‌ಮೇ ತಿರುಗದೆಯೇ ಕೇಳಿದಳು.

“ನಿಮ್ಮಪ್ಪ ಹೋಗಿಲ್ಲ. ಕೂದ್ಲು, ಉಗುರು ಬೆಳೆಸ್ಕೊಂಡು ಮಲಗಿದಾರೆ.”

ಅವಳು ಕೈ ಹಿಂದೆ ಚಾಚಿ ಬೆರಳು ತೋರಿಸಿದಳು. “ನಾನು ಏಳು ವರ್ಷದಿಂದ ಉಗುರು ಕತ್ತರಿಸಿಲ್ಲ ಅಣ್ಣ. ಬೆಳೆಯೋದೇ ಇಲ್ಲ.”

ಚಿಕ್ಕ, ಒಪ್ಪವಾದ ಉಗುರುಗಳು. ಹೆದರಿದರೆ ನನಗೆ ಬರುವುದು ಸಿಟ್ಟು.

“ಸಾಯೋ ಹೊತ್ತಲ್ಲಿ ಅವರಿಗೇನಂದೆ ನೀನು? ನಿಜ ಹೇಳು.”

“ನನಗಿನ್ನೂ ಉತ್ತರ ಸಿಗ್ಲಿಲ್ಲ ಅಂತ ಅತ್ತರು ಅಣ್ಣ. ಅಪ್ಪ ಅತ್ತಿದ್ದು ನಾನು ಅದೊಂದೇ ಸಲ ನೋಡಿದ್ದು. ಅದಕ್ಕೆ, ‘ಇರಿ ಅಪ್ಪ, ನಾನು ಹುಡುಕ್ಕೊಂಡು ಬಂದು ಹೇಳ್ತೀನಿ’ ಅಂದೆ.”

ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಇದು ಗೊತ್ತು. ಸಾಯುವವರಿಗೆ ‘ನಿಧಾನವಾಗಿ ಹೋಗಿ’ ಎನ್ನಬೇಕು. ‘ಇರಿ’ ಎನ್ನಬಾರದು. ಅಂದರೆ ಅವರು ಇರುತ್ತಾರೆ.

“ಇಷ್ಟು ಓದಿದೀಯ, ನಲವತ್ತು ಪುಸ್ತಕ ಬಾಯಿಪಾಠ ಮಾಡಿದೀಯ, ಇಷ್ಟು ಗೊತ್ತಾಗ್ಲಿಲ್ವಾ ನಿನಗೆ?”

“ರೀ, ಬೈಯೋದು ಆಮೇಲೆ,” ಎಂದಳು ಚಿನ್‌ಲಾನ್. “ಮೊದ್ಲು ಅವ್ರನ್ನ ಕೇಳಿ.”

ಕೇಳಲು ನಮ್ಮ ಬಳಿ ಬಿದಿರಿನ ಬೇರಿನಿಂದ ಕೆತ್ತಿದ ಜೋಡಿ ತುಂಡುಗಳಿವೆ, ಅರ್ಧಚಂದ್ರದ ಆಕಾರದವು. ಒಂದು ಮುಖ ಚಪ್ಪಟೆ, ಒಂದು ಉಬ್ಬು. ಎಸೆದಾಗ ಒಂದು ಚಪ್ಪಟೆ ಒಂದು ಉಬ್ಬು ಬಿದ್ದರೆ ಹೌದು. ಎರಡೂ ಉಬ್ಬು ಮೇಲಾದರೆ ಇಲ್ಲ. ಎರಡೂ ಚಪ್ಪಟೆ ಮೇಲಾದರೆ ಅವರು ನಗುತ್ತಿದ್ದಾರೆ ಎಂದರ್ಥ. ಸತ್ತವರು ಆಡುವ ಮಾತು ಈ ಮೂರೇ. ಯಾತಕ್ಕೆ ಎಂದು ಅವರನ್ನು ಕೇಳಲಾಗದು, ಅವರೂ ಹೇಳಲಾರರು.

“ಮೇಷ್ಟ್ರೇ, ನೀವು ಕಾಯ್ತಿದ್ದೀರಾ?” ಎಸೆದೆ. ಹೌದು.

“ಆ ಉತ್ತರಕ್ಕೆ ಕಾಯ್ತಿದ್ದೀರಾ?” ಹೌದು ಬೀಳುವುದು ಖಂಡಿತ ಎಂದುಕೊಂಡು ಎಸೆದೆ. ಎರಡೂ ಉಬ್ಬು. ಮತ್ತೆ ಎಸೆದೆ, ಇಲ್ಲ. ಮೂರನೇ ಸಲವೂ ಇಲ್ಲ.

ನಾನೂ ಚಿನ್‌ಲಾನಳೂ ಮುಖ ಮುಖ ನೋಡಿಕೊಂಡೆವು. ಮುಂದಿನ ಪ್ರಶ್ನೆ ಇಬ್ಬರ ನಾಲಿಗೆಯ ಮೇಲೂ ಇತ್ತು. ಕೇಳುವುದು ಇಬ್ಬರಿಗೂ ಬೇಡವಾಗಿತ್ತು. ಕೇಳಿದವಳು ಯುನ್‌ಮೇ.

“ಅಪ್ಪ, ನನಗೋಸ್ಕರ ಕಾಯ್ತಿದ್ದೀರಾ?”

ಹೌದು. ಹೌದು. ಹೌದು.

ಮಗ್ಗುಲಿಂದ ಕಾಣುತ್ತಿದ್ದ ಯುನ್‌ಮೇಯ ಮುಖದಲ್ಲಿ ನಾನು ಹೆದರಿಕೆ ಹುಡುಕಿದೆ. ಅಲ್ಲಿದ್ದದ್ದು ಸಮಾಧಾನ. ಅದನ್ನು ಕಂಡು ನನಗೆ ಇನ್ನಷ್ಟು ಭಯವಾಯಿತು.

“ಹಾಗಿದ್ರೆ ಸರಿ ಅಣ್ಣ,” ಎಂದಳು. “ಏಳು ವರ್ಷ ಹುಡುಕಿದೆ. ಅಪ್ಪ ಕಾಯ್ತಿದಾರೆ ಅಂತ ದಿನಾ ಏಳ್ತಿದ್ದೆ. ಅವರು ಹೋಗ್ಬಿಟ್ರೆ ನಾನು ಏಳೋದು ಯಾತಕ್ಕೆ? ನಾನೇ ಹೋಗ್ತೀನಿ. ಅಲ್ಲಿ ಅಪ್ಪನಿಗಾದ್ರೂ ಗೊತ್ತಾಗಿರತ್ತೆ.”

“ಗೊತ್ತಾಗಿದ್ದಿದ್ರೆ ಹೀಗೆ ಕಿವಿ ಚಾಚ್ಕೊಂಡು ಮಲಗಿರ್ತಿದ್ರಾ?” ನಾನು ಕೂಗಿದೆ. “ಸಾವಿರ ಪೆಟ್ಟಿಗೆ ತೆಗ್ದಿದೀನಿ ನಾನು. ಒಂದ್ರಲ್ಲೂ ಉತ್ತರ ಇರ್ಲಿಲ್ಲ. ಹಲ್ಲಿತ್ತು, ಅಂಗಿ ಗುಂಡಿ ಇತ್ತು, ಒಂದ್ರಲ್ಲಿ ಕನ್ನಡಕ ಇತ್ತು. ಅಷ್ಟೇ.” ಗುಂಡಿಯ ಕಡೆ ತಿರುಗಿದೆ. “ನೀವೂ ಅಷ್ಟೇ ಮೇಷ್ಟ್ರೇ. ಮಕ್ಕಳ ಕೈ ಊದೋ ಹಾಗೆ ಹೊಡೆದ್ರಿ. ಈಗ ಹೆತ್ತ ಮಗಳನ್ನೇ ಎಳ್ಕೊಳ್ತೀರಾ? ನಾಚಿಕೆ ಆಗಲ್ವಾ ನಿಮಗೆ?”

ಚಿನ್‌ಲಾನ್ ನನ್ನ ತೋಳು ಹಿಡಿಯಲು ಬಾಗಿದಳು. ಕೊಡೆ ವಾಲಿ ಬಿಸಿಲು ಒಳಗೆ ಬಿತ್ತು. ಅದೇ ಹೊತ್ತಿಗೆ ಯುನ್‌ಮೇ, ತಿರುಗಬಾರದವಳು, ತಿರುಗಿ ನೋಡಿಬಿಟ್ಟಳು.

ಬಹಳ ಹೊತ್ತು ನೋಡಿದಳು. ನಾನೂ ನೋಡಿದೆ. ಆ ಮುಖದಲ್ಲಿ ಪ್ರಶ್ನೆಯೇ ಇರಲಿಲ್ಲ. ನಲವತ್ತು ನೋಟ್‌ಪುಸ್ತಕ ಬರೆದ ಮನುಷ್ಯನ ಗುರುತೂ ಇರಲಿಲ್ಲ. ಕತ್ತಲಲ್ಲಿ ಒಬ್ಬನೇ ಮಲಗಲು ಹೆದರುವವನ ಮುಖ ಅದು. ಅವನಿಗೆ ಯಾರಾದರೂ ಜೊತೆ ಬೇಕು, ಅಷ್ಟೇ.

“ಅಪ್ಪ,” ಎಂದಳು ಯುನ್‌ಮೇ. “ನಾನು ಬರಲ್ಲ ಅಪ್ಪ. ನೀವು ನಿಧಾನವಾಗಿ ಹೋಗಿ.”

ಒಪ್ಪಿದಿರಾ ಎಂದು ನಾನು ತುಂಡುಗಳನ್ನು ಎಸೆದೆ. ಒಂದು ಚಪ್ಪಟೆಯಾಗಿ ಬಿತ್ತು. ಇನ್ನೊಂದು ಪುಡಿಮಣ್ಣಿನಲ್ಲಿ ಅಂಚಿನ ಮೇಲೆ ನೆಟ್ಟಗೆ ನಿಂತಿತು. ಹೌದೂ ಅಲ್ಲ, ಇಲ್ಲವೂ ಅಲ್ಲ. ಅಂಥದ್ದು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಹೀಗೆ ಹೋಗದೆ ಉಳಿದವರಿಗೆ ನಮ್ಮಪ್ಪ ಹೇಳಿಕೊಟ್ಟ ದಾರಿ ಒಂದೇ. ಅಕ್ಕಿಯ ಸಾರಾಯಿ ಸುರಿದು, ಮುಚ್ಚಳವನ್ನು ಒಂದು ಬೆರಳಷ್ಟು ತೆರೆದಿಟ್ಟು, ಒಂಬತ್ತು ದಿನ ಬಿಡಬೇಕು. ‘ಹೋಗಿ’ ಎಂದವರು ಆ ಒಂಬತ್ತು ದಿನ ಗೋರಿಯ ಕಡೆ ತಲೆ ಹಾಕಬಾರದು. ಹಾಕಿದರೆ ಆಡಿದ ಮಾತು ಸುಳ್ಳಾಗುತ್ತದೆ.

“ಏನೇ ಕೇಳಿಸಿದ್ರೂ ಮನೆ ಬಿಟ್ಟು ಇತ್ತ ಬರಬಾರದು,” ಎಂದೆ.

“ಬರಲ್ಲ ಅಂದೆನಲ್ಲ ಅಣ್ಣ,” ಎಂದಳು. ಆದರೆ ಗೋರಿಯ ದಿಬ್ಬ ಇಳಿಯುವಾಗ ಎರಡು ಸಲ ನಿಂತಳು.

ದಿನಾ ಬೆಳಗ್ಗೆ ನಾನು ಹೋಗಿ ನೋಡುತ್ತಿದ್ದೆ. ಎರಡು ದಿನ ಏನೂ ಇಲ್ಲ. ಮೂರನೇ ದಿನ ಇಬ್ಬನಿ ಬಿದ್ದ ಹುಲ್ಲಿನಲ್ಲಿ ಯಾರೋ ನಡೆದ ಜಾಡಿತ್ತು. ಗೋರಿಯಿಂದ ಹೊರಟು, ಯುನ್‌ಮೇಯ ಮನೆಯ ಹೆಂಚು ಕಾಣುವ ತಿರುವಿನವರೆಗೆ ಬಂದು ನಿಂತಿತ್ತು. ಹಿಂತಿರುಗಿದ ಜಾಡು ಇರಲಿಲ್ಲ. ಮುಚ್ಚಳ ಇಟ್ಟಲ್ಲೇ ಇತ್ತು. ಒಳಗೆ ಬಗ್ಗಿ ನೋಡುವ ಧೈರ್ಯ ನನಗಾಗಲಿಲ್ಲ. ಐದನೇ ದಿನ ಜಾಡು ಹಳ್ಳ ದಾಟಿತ್ತು. ಏಳನೇ ದಿನ ಅವಳ ಬೇಲಿಯ ಮಗ್ಗುಲಲ್ಲಿ ಹುಲ್ಲು ಚಾಪೆಯಗಲ ಮಲಗಿತ್ತು, ರಾತ್ರಿಯಿಡೀ ಯಾರೋ ಅಲ್ಲಿ ಕೂತಿದ್ದ ಹಾಗೆ.

ಚಿನ್‌ಲಾನಳಿಗೆ ಮಾತ್ರ ಹೇಳಿದೆ. ಅವಳು ಸಂಜೆ ಸಂಜೆ ಯುನ್‌ಮೇಯ ಮನೆಗೆ ಹೋಗಿ ಬರುತ್ತಿದ್ದಳು.

“ಏನ್ ಮಾಡ್ತಿದಾಳೆ?”

“ಮೊನ್ನೆವರೆಗೂ ಅಪ್ಪನ ಪುಸ್ತಕ ಮುಂದಿಟ್ಕೊಂಡು ಬಾಗಿಲು ನೋಡ್ತಾ ಕೂತಿದ್ಲು. ಯಾರೋ ಕರ್ದ ಹಾಗಾಯ್ತು ಅತ್ತಿಗೆ, ಅಂತಿದ್ಲು. ಒಂದ್ಸಲ ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದೇಬಿಟ್ಟಿದ್ಲು. ನಾನೇ ಹಿಡ್ಕೊಂಡು ಕೂರಿಸ್ದೆ.”

“ಈಗ?”

“ನಿನ್ನೆಯಿಂದ ಮನೇಲೇ ಇರಲ್ಲ. ಪಕ್ಕದ್ಮನೆ ಲೋ ಅಜ್ಜಿ ಬಂದು ಎಳ್ಕೊಂಡು ಹೋಗಿದಾಳೆ.”

ನನಗೆ ಅರ್ಥವಾಯಿತು. ಒಣಗಾಳಿ ಶುರುವಾಗಿತ್ತು. ನಮ್ಮೂರಲ್ಲಿ ಪರ್ಸಿಮನ್ ಎಂಬ ಕೇಸರಿ ಬಣ್ಣದ ಒಗರು ಹಣ್ಣಿನ ಸಿಪ್ಪೆ ಹೆರೆದು ತಟ್ಟೆಗಳಲ್ಲಿ ಒಣಗಿಸುವ ಕೆಲಸ ಆ ಗಾಳಿ ಬೀಸುವ ಹತ್ತು ಹದಿನೈದು ದಿನದಲ್ಲೇ ಮುಗಿಯಬೇಕು. ಆಗ ಕೈಯಿದ್ದವರನ್ನೆಲ್ಲ ಎಳೆದು ಕೂರಿಸುತ್ತಾರೆ. ಬೌದ್ಧ ಭಿಕ್ಷು ಹಾದು ಹೋದರೂ ಲೋ ಅಜ್ಜಿ ಅವನ ಕೈಗೊಂದು ಚಾಕು ಕೊಡುತ್ತಾಳೆ.

“ಅಜ್ಜಿ ಏನಂದ್ಲು ಗೊತ್ತಾ?” ಚಿನ್‌ಲಾನ್ ನಕ್ಕಳು. “‘ಪ್ರಪಂಚದ ಅರ್ಥ ಆಮೇಲೆ ಹುಡುಕೇ, ಹಣ್ಣು ಕೊಳೀತಾವೆ’ ಅಂದ್ಲಂತೆ.”

ಎಂಟನೇ ದಿನ ಜಾಡು ಯುನ್‌ಮೇಯ ಹೊಸ್ತಿಲಿಗೆ ಬಂದಿತ್ತು. ಕಲ್ಲಿನ ಮೆಟ್ಟಿಲ ಮೇಲೆ ಗೋರಿಯ ಪುಡಿಮಣ್ಣು. ಬಾಗಿಲಿಗೆ ಬೀಗ. ಹಿಂದಿನ ರಾತ್ರಿ ಅವಳು ಲೋ ಅಜ್ಜಿಯ ಅಂಗಳದಲ್ಲಿ ಹೆಂಗಸರ ಜೊತೆ ಸಿಪ್ಪೆ ಹೆರೆಯುತ್ತಾ ಅಲ್ಲೇ ಮಲಗಿಬಿಟ್ಟಿದ್ದಳು. ಬಂದವರು ಖಾಲಿ ಮನೆಯ ಮುಂದೆ ಎಷ್ಟು ಹೊತ್ತು ನಿಂತಿದ್ದರೋ. ನನಗೆ ಅವರ ಮೇಲೆ ಮೊದಲ ಸಲ ಕನಿಕರ ಹುಟ್ಟಿತು.

ಒಂಬತ್ತು ದಿನ ಕಳೆದ ಮರುದಿನ ಹತ್ತು ಗಂಟೆಗೆ ಗೋರಿಗೆ ಬರಬೇಕೆಂದು ಅವಳಿಗೆ ಹೇಳಿದ್ದೆ. ಬರಲಿಲ್ಲ. ಹತ್ತೂವರೆಯಾಯಿತು, ಹನ್ನೊಂದಾಯಿತು. ಅಪ್ಪನ ಹಿಂದೆ ಹೋಗಿಬಿಟ್ಟಳೇ? ಹೆಂಡತಿಯ ಕೈಗೆ ಕೊಡೆ ಕೊಟ್ಟು, ಬೇರೆ ದಾರಿಯಿಲ್ಲದೆ ನಾನೇ ಕರೆದೆ. “ಮೇಷ್ಟ್ರೇ, ಬೆಳಕಾಯ್ತು.” ಮುಚ್ಚಳ ಎತ್ತಿದೆ.

ಬರೀ ಮೂಳೆ. ಚರ್ಮವಿಲ್ಲ, ನಾತವಿಲ್ಲ, ನೂರು ವರ್ಷದ ಹಳೆಯ ಮೂಳೆಯ ಹಾಗೆ ಒಣಗಿ ಬೆಳ್ಳಗಾಗಿದ್ದವು. ಒಂದೂ ಅದರ ಜಾಗದಲ್ಲಿರಲಿಲ್ಲ. ಎಲ್ಲವೂ ಪೆಟ್ಟಿಗೆಯ ಕಾಲ ಕಡೆ ಗುಡ್ಡೆಯಾಗಿದ್ದವು. ಎದ್ದು ನಿಂತವನು ಹೊತ್ತದ್ದನ್ನು ಅಲ್ಲೇ ಇಳಿಸಿ ಹೊರಟು ಹೋದ ಹಾಗೆ.

ಕೆಳಗಿಂದ ಯಾರೋ ಏದುಸಿರು ಬಿಡುತ್ತಾ ಹತ್ತಿ ಬಂದರು. ಯುನ್‌ಮೇ. ತಲೆಗೆ ಬಟ್ಟೆ ಕಟ್ಟಿದ್ದಳು. ಹತ್ತೂ ಬೆರಳು ಹಣ್ಣಿನ ಒಗರಿಗೆ ಕಂದಾಗಿದ್ದವು.

“ಇವತ್ತಲ್ವಾ ಅಣ್ಣ,” ಎಂದಳು. “ಮರ್ತೇಬಿಟ್ಟೆ.”

“ಮರ್ತೆ? ಅಪ್ಪನ ಮೂಳೆ ತೆಗೆಯೋ ದಿನ ಮರೀತಾರೇನೇ? ನಾವಿಲ್ಲಿ ಜೀವ ಕೈಲಿ ಹಿಡ್ಕೊಂಡು...”

“ಸುಮ್ನಿರ್ರೀ,” ಎಂದಳು ಚಿನ್‌ಲಾನ್. ಅವಳ ಕಣ್ಣಲ್ಲಿ ನೀರಿತ್ತು.

ಯುನ್‌ಮೇ ಗುಂಡಿಯ ಅಂಚಿಗೆ ಬಂದು ಗುಡ್ಡೆಯನ್ನು ನೋಡಿದಳು. ಕುಂಚ ತೆಗೆದುಕೊಂಡು ನನ್ನ ಪಕ್ಕ ಕೂತಳು. ಪಾದದ ಮೂಳೆಗಳಿಂದ ಶುರುಮಾಡಿದೆವು.

“ಇದ್ಯಾವುದು?”

“ಹಿಮ್ಮಡಿ.”

“ಇಷ್ಟು ಹಗುರನಾ?”

ಅವಳು ಉಜ್ಜಿದ ಕಡೆಯಲ್ಲೆಲ್ಲ ಬೆರಳಿನ ಕಂದು ಗುರುತು ಬಿತ್ತು. ನಾನು ಸಾರಾಯಿ ಹಾಕಿ ತಿಕ್ಕಿದೆ, ಹೋಗಲಿಲ್ಲ. ಪರ್ಸಿಮನ್ ಕಲೆ ಬಟ್ಟೆಯಿಂದಲೇ ಹೋಗದು, ಮೂಳೆಯಿಂದ ಹೋಗುತ್ತದೆಯೇ? ಹಾಗೇ ಜಾಡಿಗೆ ಹಾಕಿದೆ. ತಲೆಬುರುಡೆಯನ್ನು ಕೊನೆಗೆ ಅವಳೇ ಎರಡೂ ಕೈಯಲ್ಲಿ ಹಿಡಿದು ಕೂರಿಸಿದಳು. ಆಮೇಲೆ ಎದ್ದು ಮೊಣಕಾಲಿನ ಮಣ್ಣು ಕೊಡವಿ ಆಕಾಶ ನೋಡಿದಳು.

“ಗಾಳಿ ತಿರುಗೋ ಹಾಗಿದೆ ಅತ್ತಿಗೆ. ತಟ್ಟೆ ಎಲ್ಲ ಹೊರಗಿದಾವೆ. ಮಿಕ್ಕಿದ್ದು ನೀವು ನೋಡ್ಕೋತೀರಾ?”

ಉತ್ತರಕ್ಕೂ ನಿಲ್ಲದೆ ಇಳಿದು ಓಡಿದಳು. ಒಂದು ಸಲವೂ ಹಿಂದೆ ನೋಡಲಿಲ್ಲ.