ಅಕ್ಕನ ಸೀಟು

ಇಂಜಿನ್ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು.

ದೋಣಿ ಹೊಳೆಯ ನಟ್ಟನಡುವೆ ಇತ್ತು. ಒಳಗೆ ಹತ್ತಾರು ಜನ. ಅವರ ಕಾಲ ಬಳಿ ಬಿಳಿ ಬಟ್ಟೆ ಹೊದ್ದು, ಹೂವಿನಡಿ ಮಲಗಿದ್ದ ಅಕ್ಕ. ಸ್ಮಶಾನ ಆಚೆ ದಡದಲ್ಲಿತ್ತು. ಅಲ್ಲಿ ಕಾಯುತ್ತ ನಿಂತವರ ಕೊಡೆಗಳು ಇಲ್ಲಿಂದಲೇ ಕಾಣುತ್ತಿದ್ದವು. ಮಳೆ ಬರುವುದರೊಳಗೆ ದಾಟಿಬಿಡು ಮಾರಾಯ ಎಂದು ಎಲ್ಲರೂ ಅವಸರ ಮಾಡಿದ್ದಕ್ಕೇ, ಇವತ್ತು ಅಕ್ಕನ ಜಾಗದಲ್ಲಿ ದೋಣಿ ನಡೆಸುತ್ತಿದ್ದ ಅವಳ ತಮ್ಮ ಮೆಕ್ಯಾನಿಕ್ ಥ್ರಾಟಲನ್ನು ಪೂರ್ತಿ ತಿರುಗಿಸಿದ್ದ. ಸ್ವಲ್ಪ ದೂರ ಚೆನ್ನಾಗಿಯೇ ಓಡಿ, ಆಮೇಲೆ ಈ ಅವತಾರ.

"ಆಯ್ತಲ್ಲಪ್ಪಾ," ಎಂದರು ಶಾಲೆಯ ಮೇಷ್ಟ್ರು, ಕೊಡೆಯ ಹಿಡಿಯ ಮೇಲೆ ಗದ್ದ ಊರಿಕೊಂಡು. "ಬದುಕಿದ್ದಾಗಲೂ ಹಿಂಗೇ, ಈಗಲೂ ಹಿಂಗೇ. ನಿಧಾನಕ್ಕನಿಗೆ ಅವಸರ ಅನ್ನೋದೇ ಗೊತ್ತಿಲ್ಲ."

ಪ್ರೀತಿಯಿಂದಲೇ ಹೇಳಿದ್ದರು. ಒಬ್ಬಿಬ್ಬರು ನಗು ಬಂದರೂ ನಗಲಾರದೆ ನೀರಿನ ಕಡೆ ಮುಖ ತಿರುಗಿಸಿದರು. ಅಕ್ಕನ ಮಗಳು ಮಾತ್ರ ತಾಯಿಯ ಕಾಲ ಹತ್ತಿರ ಕೂತಿದ್ದವಳು ತಲೆ ಎತ್ತಿ ಮೆಕ್ಯಾನಿಕ್‌ನನ್ನೇ ನೋಡಿದಳು.

"ಏನಾಯ್ತು ಮಾವ?"

"ಏನೂ ಇಲ್ಲ ಬಿಡು ಪುಟ್ಟಿ."

ಅಕ್ಕನ ಸೀಟಿನಿಂದ ಎದ್ದು, ಹಿಂದೆ ತಿರುಗಿ, ಹಗ್ಗ ಹಿಡಿದು ಎಳೆದ. ಒಂದೇ ಎಳೆತ. ಇಂಜಿನ್ ಏನೂ ನಡೆದೇ ಇಲ್ಲವೆಂಬಂತೆ ಗುರುಗುಟ್ಟಿತು. ಅಕ್ಕ ಹೇಳುತ್ತಿದ್ದುದು ಅಕ್ಷರಶಃ ಇದನ್ನೇ.

*

"ಜೋರು ಕೊಟ್ರೆ ನಿಂತುಹೋಗುತ್ತೆ ಕಣೋ. ಎದ್ದು ಹಗ್ಗ ಎಳೆದ್ರೆ ಒಂದೇ ಏಟಿಗೆ ಹೊತ್ಕೊಳ್ಳುತ್ತೆ. ಇದ್ಯಾವ ಸೀಮೆ ಕಾಯಿಲೆ?"

ಅಂಗಡಿಯ ಬಾಗಿಲಲ್ಲಿ ನಿಂತು ಅಕ್ಕ ಮೊದಲ ಸಲ ಹಾಗೆ ಕೇಳಿದ ದಿನ ಮೆಕ್ಯಾನಿಕ್ ಖುಷಿಯಾಗಿಯೇ ಹೋಗಿ ನೋಡಿದ್ದ. ಪ್ಲಗ್ ಬದಲಾಯಿಸಿದ. ಕಾರ್ಬುರೇಟರ್ ಬಿಚ್ಚಿ ತೊಳೆದ. ಫಿಲ್ಟರ್ ಹೊಸದು ಹಾಕಿದ. ದೋಣಿಯನ್ನು ಜೆಟ್ಟಿಯ ಕಂಬಕ್ಕೆ ಬಿಗಿಯಾಗಿ ಕಟ್ಟಿ, ಇಂಜಿನ್ನಿನ ಪಕ್ಕ ನಿಂತು ಪೂರ್ತಿ ಜೋರು ಕೊಟ್ಟ. ನೀರು ಕೊಚ್ಚಿ ಕೊಚ್ಚಿ ನೊರೆಯಾಯಿತೇ ಹೊರತು ಇಂಜಿನ್ ಜಪ್ಪಯ್ಯ ಅಂದರೂ ನಿಲ್ಲಲಿಲ್ಲ.

"ನೋಡಿದ್ಯಾ? ಕುದುರೆ ಹಾಗಿದೆ."

"ಇಲ್ಲಿ ಓಡುತ್ತೆ ಕಣೋ. ಆಚೆಗೆ ಹೋದ್ರೆ ನಿಲ್ಲುತ್ತೆ. ಒಂದ್ಸಲ ಜೊತೆಗೆ ಬಂದು ನೋಡಬಾರ್ದಾ?"

"ಅಂಗಡಿ ಯಾರು ನೋಡ್ಕೋತಾರೆ? ಬರೋ ವಾರ ಬರ್ತೀನಿ ಬಿಡು."

ಆ ಬರುವ ವಾರ ಬರಲೇ ಇಲ್ಲ. ಬೇರೆಯವರ ದೋಣಿ ಕೆಟ್ಟರೆ ಊಟ ಬಿಟ್ಟು ಓಡುತ್ತಿದ್ದವನು, ಅಕ್ಕನ ದೋಣಿ ಎಂದರೆ ಎಲ್ಲಿ ಹೋಗುತ್ತೆ ಎಂಬ ಸಸಾರ. ಮತ್ತೆ ಮತ್ತೆ ಅವಳು ಬಂದಳು, ಮತ್ತೆ ಮತ್ತೆ ಅವನು ಕಂಬಕ್ಕೆ ಕಟ್ಟಿ ನೋಡಿದ, ಮತ್ತೆ ಮತ್ತೆ ಇಂಜಿನ್ ಅವನ ಪರವಾಗಿಯೇ ಸಾಕ್ಷಿ ಹೇಳಿತು. ಕೊನೆಗೆ ಅವಳು ಕೇಳುವುದನ್ನೇ ಬಿಟ್ಟು, ಅರ್ಧ ಥ್ರಾಟಲಿನಲ್ಲಿ ಹೊಳೆ ದಾಟಿಸತೊಡಗಿದಳು. ನಿಧಾನಕ್ಕ ಎಂಬ ಹೆಸರು ಬಿದ್ದದ್ದು ಆಗ.

ಹೆಸರು ಬಿದ್ದರೆ ಬೀಳಲಿ, ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಒಂದು ಸಂಜೆ ಮೇಷ್ಟ್ರು ಅಂಗಡಿಗೆ ಬಂದು, "ಏನಪ್ಪಾ, ನಿಮ್ಮಕ್ಕನ ಇಂಜಿನ್ ಸರಿ ಇದೆಯಾ? ಮಕ್ಕಳನ್ನ ಕೂರಿಸಿಕೊಂಡು ಹೋಗೋ ದೋಣಿ, ಅದಕ್ಕೇ ಕೇಳ್ತಿದ್ದೀನಿ," ಎಂದರು.

ತಾನು ಕೈಯಿಟ್ಟ ಇಂಜಿನ್ ಸರಿಯಿಲ್ಲ ಎಂದು ಹೇಳಲು ಮೆಕ್ಯಾನಿಕ್‌ಗೆ ಬಾಯಿ ಬರಲಿಲ್ಲ.

"ಇಂಜಿನ್ನಿಗೇನಾಗಿದೆ ಸಾರ್, ಕಲ್ಲುಗುಂಡು. ಅಕ್ಕನಿಗೇ ವಯಸ್ಸಾಯ್ತು. ಕೈ ನಡುಗುತ್ತೆ, ಜೋರು ಕೊಡೋಕೆ ಹೆದರ್ತಾಳೆ, ಅಷ್ಟೇ."

ಮರುವಾರ ಶಾಲೆಯ ಮಕ್ಕಳೆಲ್ಲ ಬೇರೊಬ್ಬರ ಹೊಸ ದೋಣಿ ಹತ್ತಿದರು.

*

"ಇನ್ನೊಂಚೂರು ಜೋರು ಬಿಡಪ್ಪಾ," ಎಂದು ಮುಂದಿನಿಂದ ಯಾರೋ ಕೂಗಿದರು. ದೊಡ್ಡ ದೊಡ್ಡ ಹನಿ ಬೀಳತೊಡಗಿತ್ತು.

ಮೆಕ್ಯಾನಿಕ್ ಮತ್ತೆ ಅಕ್ಕನ ಸೀಟಿನಲ್ಲಿ ಕೂತ. ಥ್ರಾಟಲ್ ಪೂರ್ತಿ ತಿರುಗಿಸಿ, ಈ ಸಲ ಹೊಳೆಯನ್ನು ನೋಡದೆ ಇಂಜಿನ್ನಿನ ಸದ್ದನ್ನೇ ಆಲಿಸಿದ. ದೋಣಿಯ ಮೂತಿ ಮೇಲೆದ್ದಿತು. ಸದ್ದು ಸಣ್ಣಗಾಯಿತು. ಎರಡು ಕೆಮ್ಮು. ನಿಂತಿತು.

ಈ ಸಲ ಅವನು ಏಳಲಿಲ್ಲ. ಕೂತಲ್ಲಿಂದಲೇ ಬಗ್ಗಿ, ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ಪೈಪನ್ನು ತಡವಿದ. ಪೈಪಿನ ನಡುವೆ ಪೆಟ್ರೋಲ್ ಒತ್ತಲು ಒಂದು ರಬ್ಬರ್ ಬುರುಡೆ ಇರುತ್ತದೆ. ಅದು ಹೀರಿ ಬಿಸಾಡಿದ ಮಾವಿನ ಹಣ್ಣಿನ ಸಿಪ್ಪೆಯಂತೆ ಚಪ್ಪಟೆಯಾಗಿತ್ತು. ಅಂದರೆ ಇಂಜಿನ್ ಎಳೆಯುತ್ತಿದೆ, ಟ್ಯಾಂಕ್ ಕೊಡುತ್ತಿಲ್ಲ. ಟ್ಯಾಂಕ್ ಯಾಕೆ ಕೊಡುವುದಿಲ್ಲ? ಒಳಗೆ ಗಾಳಿ ಹೋಗದಿದ್ದರೆ ಕೊಡುವುದಿಲ್ಲ. ಗಾಳಿ ಹೋಗಲೆಂದೇ ಮುಚ್ಚಳದ ಮೇಲೆ ತೂತಿದೆ. ಟ್ಯಾಂಕ್ ಇರುವುದು ಸೀಟಿನ ಕೆಳಗೆ.

ಮೆಕ್ಯಾನಿಕ್ ಮೆಲ್ಲಗೆ ಎದ್ದ.

ಸೀಟಿನ ಕೆಳಗಿನಿಂದ ಸುಯ್ ಎಂದು ಗಾಳಿ ಒಳಕ್ಕೆ ನುಗ್ಗುವ ಸದ್ದು ಬಂತು. ಕೈಯಲ್ಲಿದ್ದ ಬುರುಡೆ ನಿಧಾನವಾಗಿ ಉಬ್ಬಿಕೊಂಡಿತು.

ಆ ಸೀಟು ಮಾಡಿದ್ದು ಅವನೇ. ಸೊಂಟ ನೋವೆಂದು ಅಕ್ಕ ಒಂದು ದಿನ ಬಾಯಿ ತಪ್ಪಿ ಅಂದಿದ್ದಕ್ಕೆ, ಹೇಳದೆ ಕೇಳದೆ ಕೂತು ಮಾಡಿಕೊಟ್ಟಿದ್ದ. ಹಲಗೆ ಹಾಕಿದರೆ ಒತ್ತುತ್ತದೆಂದು ಕ್ಯಾನ್ವಾಸ್ ಪಟ್ಟಿ ಎಳೆದು, ಸ್ಪಂಜು ಇಟ್ಟು, ಮೇಲೆ ಕೆಂಪು ರೆಕ್ಸಿನ್ ಹೊಲಿಸಿದ್ದ. ಪೆಟ್ರೋಲ್ ಹಾಕುವಾಗ ಅವಳು ಬಗ್ಗಿ ಎಳೆದಾಡಬಾರದೆಂದು ಕೀಲು ಕೂಡ ಇಟ್ಟಿದ್ದ. ಈಗ ಆ ಸೀಟನ್ನು ಎತ್ತಿದ. ಕೆಳಗಿನ ಕ್ಯಾನ್ವಾಸಿನ ಮೇಲೆ ಟ್ಯಾಂಕಿನ ಮುಚ್ಚಳದಷ್ಟೇ ದೊಡ್ಡ ಉಂಗುರ, ಒತ್ತಿ ಒತ್ತಿ ಕಪ್ಪಾಗಿತ್ತು. ಅಕ್ಕ ಕೂತಾಗಲೆಲ್ಲ ಪಟ್ಟಿ ಜಗ್ಗಿ ಆ ತೂತನ್ನು ಮುಚ್ಚಿದೆ. ಮೆಲ್ಲಗೆ ಹೋಗುವಾಗ ಹೇಗೋ ನುಸುಳಿದ ಗಾಳಿ ಸಾಕಾಗಿದೆ, ಜೋರು ಕೊಟ್ಟಾಗ ಸಾಲದೆ ಹೋಗಿದೆ. ಕಂಬಕ್ಕೆ ಕಟ್ಟಿ ನೋಡುವಾಗ ಅವನು ಒಂದು ಸಲವಾದರೂ ಕೂತಿದ್ದನೇ? ನಿಂತೇ ನೋಡಿದ, ನಿಂತೇ ತೀರ್ಪು ಕೊಟ್ಟ.

*

ಮಕ್ಕಳು ದೋಣಿ ಬದಲಾಯಿಸಿದ ವಾರವೇ ಅಕ್ಕ ಅಂಗಡಿಗೆ ಬಂದಿದ್ದಳು. ಜಗಳಕ್ಕೆ ಬಂದಳೆಂದು ಅವನು ಸ್ಪ್ಯಾನರ್ ಹುಡುಕುವ ನೆಪದಲ್ಲಿ ತಲೆ ಬಗ್ಗಿಸಿಕೊಂಡ. ಅವನಿಗೆಂದು ಯಾರೋ ತಂದಿಟ್ಟಿದ್ದ ಚಹಾದ ಲೋಟವನ್ನು ಅವಳು ಎತ್ತಿಕೊಂಡಳು. ಅಂಚಿನವರೆಗೆ ತುಂಬಿದ ಲೋಟ. ಕೈ ನೀಡಿ ಅವನ ಮುಖದ ಮುಂದೆ ಹಿಡಿದು ನಿಂತಳು.

"ನೋಡು," ಎಂದಳು. "ನಡುಗುತ್ತಾ?"

ಅವನು ನೋಡಿದ. ಒಂದು ತೊಟ್ಟೂ ಅಲುಗಲಿಲ್ಲ. ತಪ್ಪಾಯ್ತಕ್ಕ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅಲ್ಲೇ ನುಂಗಿಕೊಂಡ.

"ಆರಿಹೋಗುತ್ತೆ, ಕುಡಿ," ಎಂದು ಲೋಟ ಅವನ ಮುಂದಿಟ್ಟು ಹೊರಟುಹೋದಳು. ಅದಾದ ಮೇಲೂ ದೋಣಿ ಹತ್ತಿದವರಿಗೆಲ್ಲ ಸೀಟು ತಟ್ಟಿ ತೋರಿಸಿ, "ನನ್ನ ತಮ್ಮ ಮಾಡಿಕೊಟ್ಟಿದ್ದು, ಸೊಂಟಕ್ಕೆ ಎಷ್ಟು ಹಿತ ಗೊತ್ತಾ," ಎನ್ನುತ್ತಲೇ ಇದ್ದಳಂತೆ.

*

"ಮಾವ," ಎಂದಳು ಅಕ್ಕನ ಮಗಳು. ಮಳೆಗೆ ಅವಳ ಮುಖವೆಲ್ಲ ಒದ್ದೆಯಾಗಿತ್ತು. "ಅಮ್ಮ ಸುಳ್ಳು ಹೇಳ್ತಾಳೆ ಅಂತ ನಾನೂ ಆಡ್ಕೊಂಡಿದ್ದೆ. ಹೆದರುಪುಕ್ಕಲಿ ಅಂದಿದ್ದೆ. ನಿಜವಾಗ್ಲೂ ನಿಲ್ತಿತ್ತಾ?"

ಇನ್ನೂ ಏನೂ ಇಲ್ಲ ಬಿಡು ಪುಟ್ಟಿ ಎನ್ನಬಹುದಿತ್ತು. ಹೊಳೆಯ ಮಧ್ಯೆ ಇದನ್ನೆಲ್ಲ ಕೆದಕುವವರು ಯಾರಿದ್ದಾರೆ? ಎತ್ತಿದ ಸೀಟನ್ನು ಹಾಗೇ ಹಿಡಿದುಕೊಂಡು ಮೆಕ್ಯಾನಿಕ್ ಎಲ್ಲರಿಗೂ ಕೇಳುವಂತೆ ಹೇಳಿದ.

"ನಿಲ್ತಿತ್ತು. ಅಕ್ಕನ ಕೈ ನಡುಗ್ತಿರಲಿಲ್ಲ. ಅವಳು ಹೆದರ್ತಾನೂ ಇರಲಿಲ್ಲ. ನಾನು ಮಾಡಿಕೊಟ್ಟ ಈ ಸೀಟೇ ಟ್ಯಾಂಕಿನ ಉಸಿರು ಕಟ್ಟಿಸ್ತಿತ್ತು. ಜೊತೆಗೆ ಬಾ ಬಾ ಅಂತ ಎಷ್ಟು ಕರೆದಳು! ಇವತ್ತು ಬಂದಿದ್ದೀನಿ ನೋಡಿ, ದರಿದ್ರದವನು."

ಮೇಷ್ಟ್ರು ಕೊಡೆ ಮಡಚಿದರು. ಮಳೆಯಲ್ಲೇ ಎದ್ದು ನಿಂತು ಅಕ್ಕನ ಕಡೆ ತಿರುಗಿ, "ಮಕ್ಕಳನ್ನ ಇಳಿಸಿದ್ದು ನಾನಲ್ವೇನಮ್ಮಾ," ಎಂದರು.

"ನೀವಲ್ಲ ಸಾರ್. ನಿಮಗೆ ಹೇಳಿದ್ದು ನಾನು," ಎಂದ ಮೆಕ್ಯಾನಿಕ್.

ಸೀಟು ಇಳಿಸಿ, ಹಗ್ಗ ಎಳೆದ. ಒಂದೇ ಏಟಿಗೆ ಹೊತ್ತಿಕೊಂಡಿತು. ಕೂರಲಿಲ್ಲ, ನಿಂತೇ ಹಿಡಿ ಹಿಡಿದುಕೊಂಡ.

"ಜೋರಾಗಿ ಬಿಡು ಮಾವ."

"ಹೂವೆಲ್ಲ ಹಾರಿಹೋಗುತ್ತೆ ಪುಟ್ಟಿ."

"ಹೋಗ್ಲಿ. ಅಮ್ಮ ಒಂದ್ಸಲ ಜೋರಾಗಿ ಹೋಗ್ಲಿ."

ಅವನು ಥ್ರಾಟಲ್ ಪೂರ್ತಿ ತಿರುಗಿಸಿದ. ದೋಣಿಯ ಮೂತಿ ಎದ್ದಿತು. ಇಂಜಿನ್ ಕೆಮ್ಮಲಿಲ್ಲ. ಎಲ್ಲರೂ ಬಗ್ಗಿ ಬಿಳಿ ಬಟ್ಟೆಯ ಅಂಚುಗಳನ್ನು ಒತ್ತಿ ಹಿಡಿದುಕೊಂಡರು. ಹೂವುಗಳು ಒಂದೊಂದಾಗಿ ಎದ್ದು, ಹಿಂದಿನ ನೊರೆಯ ಮೇಲೆ ಬಿದ್ದು ದೂರವಾದವು. ಆಚೆ ದಡದಲ್ಲಿ ಕೊಡೆ ಹಿಡಿದು ನಿಂತವರು, ನಿಧಾನಕ್ಕನ ದೋಣಿ ಬರುತ್ತಿದ್ದ ರಭಸಕ್ಕೆ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು.

ಮೆಕ್ಯಾನಿಕ್ ದಡದವರೆಗೂ ನಿಂತೇ ಇದ್ದ. ಅವನ ಹಿಂದೆ, ಅಕ್ಕ ಕೂತು ಕೂತು ಗುಳಿಬಿದ್ದಿದ್ದ ಕೆಂಪು ಸೀಟಿನಲ್ಲಿ ಮಳೆಯ ನೀರು ತುಂಬಿಕೊಳ್ಳುತ್ತಿತ್ತು.